ಮೂರು ಕಿಲೋಮೀಟರ್ ಬೈಕು

ಎಲ್ಲ ರಗಳೆಗೂ ಮೂಲ ಅಂಗೈ ಅಗಲದ ಒಂದು ಸ್ಟಿಕ್ಕರು. ಕಪ್ಪು ಬಣ್ಣದ್ದು, ಚಾಪೆ ಹೆಣೆದ ಹಾಗೆ ಗೆರೆಗಳಿರುವಂಥದ್ದು. ರೇಸಿನ ಬೈಕುಗಳ ಮೇಲೆ ಅಂಟಿಸುತ್ತಾರಲ್ಲ, ಅದೇ. ರೇಸಪ್ಪ ತಿಂಗಳ ಹಿಂದೆ ಒಂದು ಭಾನುವಾರ ಅದನ್ನು ತನ್ನ ಕೆಂಪು ಬೈಕಿನ ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಮೇಲೆ ಅಂಟಿಸಿದ್ದ. ಕೀಲಿ ಹಾಕುವ ಜಾಗವನ್ನು ಬ್ಲೇಡಿನಿಂದ ಕೊರೆದು, ಹೆಂಡತಿ ಕೂದಲು ಒಣಗಿಸಿಕೊಳ್ಳುವ ಡ್ರೈಯರಿನಿಂದ ಬಿಸಿಗಾಳಿ ಹಾಯಿಸಿ, ಒಂದೇ ಒಂದು ಗಾಳಿಗುಳ್ಳೆ ಉಳಿಯದಂತೆ ಹೆಬ್ಬೆರಳಿನಿಂದ ಉಜ್ಜಿ ಉಜ್ಜಿ ಅಂಟಿಸಿದ್ದ. ಡ್ರೈಯರು ಅವತ್ತೇ ಸತ್ತಿತು. ಬೈಕು ಮಾರನೆಯ ದಿನದಿಂದ ಕೈಕೊಡತೊಡಗಿತು.

ರೇಸಪ್ಪ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ನೀರು ಸರಬರಾಜು ಕಚೇರಿಯವರು ಇಟ್ಟದ್ದು. ಕತ್ತಿನವರೆಗೆ ಜಿಪ್ ಎಳೆದ ಜಾಕೆಟ್ಟು, ಮೊಣಕಾಲಿಗೆ ಗಟ್ಟಿ ಪಟ್ಟಿ, ತಲೆಗೆ ಏಳು ಬಣ್ಣದ ಹೆಲ್ಮೆಟ್ಟು ಹಾಕಿಕೊಂಡು, ಟ್ಯಾಂಕಿನ ಮೇಲೆ ಎದೆಯೂರಿ ಮಲಗಿ, ಗಂಟೆಗೆ ಮೂವತ್ತರ ವೇಗದಲ್ಲಿ ಬರುವವನನ್ನು ಇನ್ನೇನೆಂದು ಕರೆಯಬೇಕು ಹೇಳಿ? ಸೈಕಲ್ಲಿನವರು ಬೆಲ್ಲು ಹೊಡೆದು ಅವನನ್ನು ದಾಟಿ ಹೋಗುತ್ತಿದ್ದರು. ಆದರೂ ಆ ಬೈಕೆಂದರೆ ಅವನಿಗೆ ಪ್ರಾಣ. ಮೀಟರ್ ರಿಪೇರಿ ಕೋಣೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಊರವರ ನೀರಿನ ಮುಳ್ಳು ತಿರುಗುವುದನ್ನೇ ನೋಡುತ್ತ ಕೂರುವವನಿಗೆ, ತನ್ನ ಕೈ ತಿರುವಿದರೆ ತಿರುಗುವ ಮುಳ್ಳು ಅಂತ ಇದ್ದದ್ದು ಅದೊಂದೇ. ಚೈನಿಗೆ ಹಲ್ಲುಜ್ಜುವ ಬ್ರಷ್ಷು, ಗಾಲಿಗೆ ತನ್ನ ಹಳೆಯ ಬನಿಯನ್ನು. ಮನೆಯ ಟೂತ್‌ಪೇಸ್ಟಿನಲ್ಲಿ ಅರ್ಧ ಹೆಡ್‌ಲೈಟ್ ಉಜ್ಜುವುದಕ್ಕೇ ಹೋಗುತ್ತಿತ್ತು.

ಇಂಥ ಬೈಕು ಒಂದು ತಿಂಗಳಿಂದ ಮನೆ ಬಿಟ್ಟು ಸರಿಯಾಗಿ ಮೂರು ಕಿಲೋಮೀಟರ್ ಹೋಗಿ, ಬೀಗ ರಿಪೇರಿ ಅಂಗಡಿಯ ಮುಂದೆ ಎರಡು ಸಲ ಬಿಕ್ಕಳಿಸಿ ನಿಂತುಬಿಡುತ್ತಿತ್ತು. ಅಲ್ಲಿಂದ ಕಚೇರಿಗೆ ತಳ್ಳಿಕೊಂಡೇ ಹೋಗಬೇಕು. ಬೀಗದವನು ಅವನ ಬೈಕು ನಿಂತದ್ದನ್ನು ನೋಡಿಯೇ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ. ಹೆಂಡತಿಗಂತೂ ಮೊದಲಿನಿಂದಲೂ ಅದನ್ನು ಕಂಡರಾಗದು. ಹಿಂದಿನ ಸೀಟು ಅಟ್ಟದಷ್ಟು ಎತ್ತರ. ಕೂತರೆ ಜಾರಿ ಗಂಡನ ಬೆನ್ನ ಮೇಲೆ, ಬ್ರೇಕು ಹಾಕಿದರೆ ಗಂಡನ ತಲೆಯ ಮೇಲೆ. ಅವಳಿಗೆ ಬೇಕಿದ್ದದ್ದು ತರಕಾರಿ ಚೀಲ ಇಡಲು ಜಾಗವಿರುವ ಒಂದು ಸ್ಕೂಟರು.

ಕಳೆದ ಭಾನುವಾರ ಒಂದು ಸುತ್ತು ಹೋಗಿ, ಬೈಕು ನಿಂತು, ತಳ್ಳಿಕೊಂಡು ಬಂದವನು ಪೆಟ್ರೋಲು ಎಷ್ಟಿದೆಯೆಂದು ನೋಡಲು ಮುಚ್ಚಳ ತೆಗೆದ. ‘ಸ್ಸ್’ ಎಂದು ಗಾಳಿಯನ್ನು ಒಳಗೆಳೆದುಕೊಂಡ ಸದ್ದಾಯಿತು. ನೀರಿನ ಕಚೇರಿಯವನಿಗೆ ಅಷ್ಟು ಸಾಕಾಯಿತು. ಮಾಳಿಗೆಯ ಮೇಲಿನ ಟ್ಯಾಂಕಿಗೆ ಗಾಳಿ ಹೋಗಲು ದಾರಿಯಿಲ್ಲದಿದ್ದರೆ ಕೆಳಗೆ ನಲ್ಲಿಯಲ್ಲಿ ನೀರು ಬಾರದು. ಪೆಟ್ರೋಲಿಗೂ ಅದೇ ನ್ಯಾಯ. ಮುಚ್ಚಳದಲ್ಲಿ ಸೂಜಿಮೊನೆಯಷ್ಟು ಒಂದು ಗಾಳಿತೂತು ಇರುತ್ತದೆ. ಅದನ್ನೇ ಇವನು ಸ್ಟಿಕ್ಕರು ಹಾಕಿ, ಗುಳ್ಳೆಯಿಲ್ಲದಂತೆ ಉಜ್ಜಿ, ಮೂಗು ಹಿಡಿದ ಹಾಗೆ ಮುಚ್ಚಿಬಿಟ್ಟಿದ್ದ. ಬಹಳ ಹೊತ್ತು ನಿಂತು ಅಷ್ಟಿಷ್ಟು ಗಾಳಿ ನುಸುಳಿದರೆ, ಇಲ್ಲವೇ ಮುಚ್ಚಳ ಒಮ್ಮೆ ತೆಗೆದು ಹಾಕಿದರೆ, ಇನ್ನೊಂದು ಮೂರು ಕಿಲೋಮೀಟರಿಗೆ ಜೀವ ಬರುತ್ತಿತ್ತು. ಮಾಡಿದ್ದುಣ್ಣೋ ಮಹಾರಾಯ ಅಂತ ತನ್ನನ್ನು ತಾನೇ ಬೈದುಕೊಂಡು, ನಕ್ಕು, ಬ್ಲೇಡು ತಂದು ಸ್ಟಿಕ್ಕರಿನ ಅಂಚಿಗೆ ಇಟ್ಟ.

ಅಷ್ಟರಲ್ಲಿ ಹೆಂಡತಿ ಬಾಗಿಲಿಗೆ ಬಂದಳು. ಶನಿವಾರ ಸಂಜೆ ಬೈಕು ನೋಡಲು ಒಬ್ಬರು ಬರುತ್ತಾರೆ, ಹಲ್ಲಿನ ಡಾಕ್ಟರು, ಫೋನಿನಲ್ಲಿ ತಾನೇ ಮಾತಾಡಿದ್ದೇನೆ ಅಂದಳು. ರೇಸಪ್ಪನ ಮುಖ ಹಿಂಡಿದ ಬಟ್ಟೆಯಾಯಿತು. ಅದನ್ನು ನೋಡಿ ಅವಳಿಗೂ ಅಯ್ಯೋ ಅನ್ನಿಸಿರಬೇಕು.

“ನೋಡ್ರೀ, ನಾನೇನು ರಾಕ್ಷಸಿ ಅಲ್ಲ. ಇವರು ಬೇಡ ಅಂದ್ರೆ ಅಲ್ಲಿಗೆ ಮುಗೀತು, ನಾನಿನ್ನು ಆ ಗಾಡಿ ಮಾತೇ ಎತ್ತಲ್ಲ. ಆದ್ರೆ ತಗೋತೀನಿ ಅಂದ್ರೆ ನೀವು ತುಟಿ ಪಿಟಕ್ ಅನ್ನಬಾರದು.”

ರೇಸಪ್ಪನ ಕೈಯಲ್ಲಿದ್ದ ಬ್ಲೇಡು ತಾನಾಗಿ ಹಿಂದಕ್ಕೆ ಬಂತು. ಮೂರು ಕಿಲೋಮೀಟರಿಗೆ ನಿಲ್ಲುವ ಬೈಕನ್ನು ಯಾವ ಪುಣ್ಯಾತ್ಮ ಕೊಂಡಾನು? ಶನಿವಾರ ಸಂಜೆಯವರೆಗೆ ಅದರ ರೋಗವನ್ನು ಜೋಪಾನವಾಗಿ ಕಾಪಾಡಿಕೊಂಡರೆ ಸಾಕು. ಭಾನುವಾರ ಬೆಳಿಗ್ಗೆ ಸ್ಟಿಕ್ಕರು ಕಿತ್ತರಾಯಿತು, ಬೈಕು ಜೀವಮಾನವಿಡೀ ತನ್ನದು. ಆಗಲಿ ಅಂದ. ಇಷ್ಟು ಬೇಗ ಒಪ್ಪಿದ್ದಕ್ಕೆ ಅವಳು ಹತ್ತಿರ ಬಂದು ಅವನ ಹಣೆ ಮುಟ್ಟಿ ನೋಡಿದಳು, ಜ್ವರವೇನೂ ಇರಲಿಲ್ಲ.

ಶನಿವಾರ ಬೆಳಿಗ್ಗೆ ರೇಸಪ್ಪನಿಗೆ ಎಚ್ಚರವಾದದ್ದು ಕಬ್ಬಿಣಕ್ಕೆ ಕಬ್ಬಿಣ ತಾಗುವ ಸದ್ದಿಗೆ. ಕಿಟಕಿಯಿಂದ ಬಗ್ಗಿ ನೋಡಿದರೆ, ಕೆಳಗಿನ ಮನೆಯ ಬಾಯ್ಲರ್ ಮಾವ ಬೈಕಿನ ಪಕ್ಕ ಗೋಣಿಚೀಲ ಹಾಸಿಕೊಂಡು ಕೂತಿದ್ದಾರೆ. ಮಾವ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಂಡಿದ್ದು ನಿವೃತ್ತರಾದವರು. ಈಗ ನೋಡಿಕೊಳ್ಳಲು ಬಾಯ್ಲರ್ ಇಲ್ಲದ್ದರಿಂದ, ಬೀದಿಯಲ್ಲಿ ಯಾರ ಮನೆಯಲ್ಲಿ ಏನು ಕೆಟ್ಟರೂ ಅದು ಅವರ ಪಾಲಿನ ಆಸ್ತಿ. ಹಿಂದೊಮ್ಮೆ ಎದುರು ಮನೆಯ ಮಿಕ್ಸಿ ಸರಿಮಾಡಲು ಹೋಗಿ ಇಡೀ ಸಾಲಿನ ಕರೆಂಟು ತೆಗೆದಿದ್ದರು.

ರೇಸಪ್ಪ ಮೆಟ್ಟಿಲಿಳಿದು ಓಡಿಬರುವಷ್ಟರಲ್ಲಿ ಮಾವ ಪ್ಲಗ್ ಬಿಚ್ಚಿ ಉಜ್ಜಿ ಹಾಕಿದ್ದರು, ಚೈನು ಬಿಗಿ ಮಾಡಿದ್ದರು, ಬ್ಯಾಟರಿಯ ತುದಿಗಳನ್ನು ಫಳಫಳ ಮಾಡಿದ್ದರು. ಕೊಳ್ಳುವವರು ಬರುತ್ತಾರೆಂದು ರೇಸಪ್ಪನ ಹೆಂಡತಿ ಹೇಳಿ, ಕೀಲಿಯನ್ನೂ ಕೊಟ್ಟಿದ್ದಳಂತೆ. ತಾವು ಇದ್ದೂ ಸುಮ್ಮನೆ ಕೂತರೆ ಹೇಗೆ? ಸಣ್ಣಪುಟ್ಟ ರೋಗ ಇದ್ದರೆ ಇರಲಿ ಬಿಡಿ ಮಾವ ಎಂದು ರೇಸಪ್ಪ ಗೋಗರೆದ. ಮಾವ ಅದನ್ನು ಅವನ ದೊಡ್ಡ ಗುಣವೆಂದು ತಿಳಿದು, ಸಂಕೋಚ ಪಡಬೇಡ ಅಂದರು. ಹಾಗೆ ಅನ್ನುತ್ತಲೇ ಪೆಟ್ರೋಲು ನೋಡೋಣವೆಂದು ಟ್ಯಾಂಕಿನ ಮುಚ್ಚಳಕ್ಕೆ ಕೀಲಿ ತಿರುವಿದರು.

‘ಸ್ಸ್’ ಅನ್ನುವ ಸದ್ದು ಹೊರಡುವುದಕ್ಕೂ ರೇಸಪ್ಪ ದೊಡ್ಡದಾಗಿ ಕೆಮ್ಮುವುದಕ್ಕೂ ಸರಿಹೋಯಿತು. ಎರಡು ಕಾಗೆ ತಂತಿ ಬಿಟ್ಟು ಹಾರಿದವು. ಮಾವ ಮುಚ್ಚಳ ಹಾಕಿ ಬಟನ್ ಒತ್ತಿದರು. ಬೈಕು ಒಂದೇ ಸಲಕ್ಕೆ ಗುಡುಗಿತು.

“ಪ್ಲಗ್ಗು ಕಣಪ್ಪಾ, ಪ್ಲಗ್ಗು. ನಾನು ಅವತ್ತೇ ಹೇಳಿದ್ದೆ,” ಅಂದರು ಮಾವ. ಅವರು ಯಾವತ್ತೂ ಹೇಳಿರಲಿಲ್ಲ.

ಕಚೇರಿಗೆ ಹೊರಟ ರೇಸಪ್ಪ ದಾರಿಯುದ್ದಕ್ಕೂ ಎಂಜಿನ್ನಿಗೇ ಕಿವಿಗೊಟ್ಟಿದ್ದ. ಮಾವನ ಕೈಗುಣದಿಂದ ಎಲ್ಲಿ ಬೈಕು ಸರಿಹೋಗಿಬಿಟ್ಟಿತೋ ಎಂಬ ಭಯ. ಅದೂ ಇವತ್ತು ಹಾಡುತ್ತ ಓಡುತ್ತಿತ್ತು. ಬೀಗದ ಅಂಗಡಿ ಕಂಡಿತು, ಹತ್ತಿರವಾಯಿತು. ರೇಸಪ್ಪ ಇಷ್ಟು ಭಕ್ತಿಯಿಂದ ಯಾವ ಅಂಗಡಿಯನ್ನೂ ನೋಡಿರಲಿಲ್ಲ. ಸರಿಯಾಗಿ ಅದರ ಮುಂದೆ ಬೈಕು ಎರಡು ಸಲ ಬಿಕ್ಕಳಿಸಿ ನಿಂತಿತು. ಅವನು ಇಳಿದು ಟ್ಯಾಂಕಿನ ಬೆನ್ನು ತಟ್ಟಿ, ಸಿಳ್ಳೆ ಹಾಕುತ್ತ ತಳ್ಳಿಕೊಂಡು ಹೊರಟ. ತಳ್ಳುವವನು ಸಿಳ್ಳೆ ಹಾಕುವುದನ್ನು ಕಂಡ ಬೀಗದವನು, ಪಾಪ, ಒಳ್ಳೆಯ ಮನುಷ್ಯ, ತಲೆ ಕೆಟ್ಟಿತು ಅಂತ ಪಕ್ಕದವನಿಗೆ ಹೇಳಿದ.

ಕಚೇರಿಯಲ್ಲಿ ಶನಿವಾರ ಅರ್ಧ ದಿನ. ಮಧ್ಯಾಹ್ನ ಕೋಣೆಗೆ ಬೀಗ ಹಾಕಿ ಹೊರಬಂದರೆ, ವಾಲ್ವ್ ಅಣ್ಣ ಬೈಕಿನ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದ. ಇವನು ಹಿರಿಯ ಫಿಟ್ಟರು. ಊರಿನ ಯಾವ ತುಕ್ಕು ಹಿಡಿದ ವಾಲ್ವೂ ಅವನ ಕೈಗೆ ಇಲ್ಲ ಅಂದದ್ದಿಲ್ಲ. ರೇಸೂ ದಿನಾ ತಳ್ಳಿಕೊಂಡು ಬರುವುದನ್ನು ನೋಡಿ ನೋಡಿ ಹೊಟ್ಟೆ ಉರಿಯುತ್ತಿದೆ, ಇವತ್ತು ಇದರ ಗತಿ ಕಾಣಿಸಿಯೇ ಮನೆಗೆ ಹೋಗುವುದು ಅಂದ. ಅಷ್ಟು ಹೇಳಿದ್ದೇ ತಡ, ಮನೆಗೆ ಹೊರಟಿದ್ದವರೆಲ್ಲ ಚೀಲ ಕೆಳಗಿಟ್ಟು ಸುತ್ತ ನಿಂತರು. ಟೈಪಿಸ್ಟ್ ಅಕ್ಕ ಟಾರ್ಚು ಹಿಡಿದಳು, ಮಟಮಟ ಮಧ್ಯಾಹ್ನದಲ್ಲಿ. ಬೇಡ ಅಂದರೆ ಯಾಕೆ ಬೇಡ ಅನ್ನುತ್ತಾರೆ; ಯಾಕೆಂದು ಹೇಳುವಂತಿಲ್ಲ. ರೇಸಪ್ಪ ಕುಂಬಳಕಾಯಿ ಕಳ್ಳನ ಹಾಗೆ ಮೇಲಿಂದ ಮೇಲೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತ ನಿಂತ.

ವಾಲ್ವ್ ಅಣ್ಣ ಪ್ಲಗ್ಗಿನ ತಂಟೆಗೇ ಹೋಗಲಿಲ್ಲ. ನೇರವಾಗಿ ಪೆಟ್ರೋಲಿನ ಪೈಪು ಕಳಚಿ, ತುದಿಗೆ ಬಾಯಿಟ್ಟು ಊದಿ, ಬೆರಳು ಹಿಡಿದು ನೋಡಿದ. ಹನಿಯೂ ಬೀಳಲಿಲ್ಲ. ಟ್ಯಾಂಕು ಅಲ್ಲಾಡಿಸಿದರೆ ಒಳಗೆ ಗುಳುಗುಳು ಅನ್ನುತ್ತದೆ, ಪೈಪಿನಲ್ಲಿ ಮಾತ್ರ ಇಲ್ಲ. ಅವನ ಹುಬ್ಬು ಗಂಟಿಕ್ಕಿತು. ಇದು ಅವನದೇ ವಿದ್ಯೆ, ಬದುಕೆಲ್ಲ ಮಾಡಿದ್ದು ಇದೇ. ಪೈಪಿನಿಂದ ಟ್ಯಾಂಕಿಗೆ, ಟ್ಯಾಂಕಿನಿಂದ ಮೆಲ್ಲಗೆ ಮುಚ್ಚಳಕ್ಕೆ ಅವನ ಕಣ್ಣು ಏರಿತು.

“ಮೇಲೆ ಗಾಳಿ...” ಅಂತ ಬಾಯಿ ತೆರೆದ.

ರೇಸಪ್ಪ ಹಿಂದುಮುಂದು ನೋಡಲಿಲ್ಲ. ಶ್ವಾಸಕೋಶ ಕೈಗೆ ಬರುವ ಹಾಗೆ ಕೆಮ್ಮುತ್ತ ಬೈಕಿನ ಮೇಲೆ ಬಿದ್ದು, ಬಿದ್ದ ಭರದಲ್ಲೇ ಕೀಲಿ ತಿರುವಿ ಮುಚ್ಚಳ ತೆರೆದ. ಕೆಳಗೆ ಪೈಪಿನಿಂದ ಪೆಟ್ರೋಲು ಬುಳಕ್ಕನೆ ಚಿಮ್ಮಿ ವಾಲ್ವ್ ಅಣ್ಣನ ಹೊಸ ಅಂಗಿಯನ್ನು ಒದ್ದೆ ಮಾಡಿತು. ಗಾಳಿಯ ವಿಚಾರ ಅಲ್ಲಿಗೇ ಹಾರಿಹೋಯಿತು. ಅಂಗಿ ಹಿಂಡಿಕೊಳ್ಳುತ್ತ ಅವನು, ಪೈಪಿನಲ್ಲಿ ಕಸ ಕಚ್ಚಿಕೊಂಡಿತ್ತು, ತಾನು ಊದಿದ ರಭಸಕ್ಕೆ ಬಿಟ್ಟುಕೊಂಡಿತು ಎಂದು ತೀರ್ಪು ಕೊಟ್ಟ. ಎಲ್ಲರೂ ಹೌದೆಂದರು. ಟೈಪಿಸ್ಟ್ ಅಕ್ಕ ಟಾರ್ಚು ಆರಿಸಿ, ಕೆಮ್ಮಿನ ಮಾತ್ರೆ ಕೊಟ್ಟಳು. ಸಂಜೆ ಕೊಳ್ಳುವವರು ಬರುವ ಸುದ್ದಿ ಹೇಗೋ ಹೊರಬಿದ್ದು, ಮಾರುವಾಗ ಜೊತೆಗೆ ತಿಳಿದವನೊಬ್ಬ ಇರಬೇಕೆಂದು ವಾಲ್ವ್ ಅಣ್ಣ ಹಿಂದಿನ ಸೀಟಿಗೆ ಹತ್ತಿಯೇ ಬಿಟ್ಟ.

ಕಚೇರಿಗೂ ಮನೆಗೂ ಇರುವುದು ನಾಲ್ಕು ಕಿಲೋಮೀಟರ್. ಮನೆಗೆ ಇನ್ನೊಂದು ಇದೆ ಅನ್ನುವಾಗ ಬೈಕು ತನ್ನ ನಿಯಮದಂತೆ ನಿಂತಿತು. ವಾಲ್ವ್ ಅಣ್ಣ ಮತ್ತೆ ಪೈಪಿಗೆ ಕೈಹಾಕಿದರೆ ಈ ಸಲ ಗುಟ್ಟು ಉಳಿಯುವುದಿಲ್ಲ ಅಂದುಕೊಂಡು ರೇಸಪ್ಪ ತಾನೇ ಗಡಿಬಿಡಿಯಿಂದ ಮುಚ್ಚಳ ತೆಗೆದು, ಕೆಮ್ಮಿ, ಹಾಕಿ, ಸ್ಟಾರ್ಟ್ ಮಾಡಿದ. ಸ್ವಲ್ಪ ದೂರ ಹೋದ ಮೇಲೆ ವಾಲ್ವ್ ಅಣ್ಣ ಅವನ ಕಿವಿಯತ್ತ ಬಾಗಿದ.

“ರೇಸೂ, ಆಗಲೂ ನೀನು ಕೆಮ್ಮಿದೆ, ಸ್ಟಾರ್ಟ್ ಆಯ್ತು. ಈಗಲೂ ಕೆಮ್ಮಿದೆ, ಸ್ಟಾರ್ಟ್ ಆಯ್ತು. ನಿನ್ನ ಕೆಮ್ಮಿಗೂ ಈ ಗಾಡಿಗೂ ಏನೋ ಸಂಬಂಧ ಇದೆ ಕಣೋ.”

“ಇರಬಹುದಣ್ಣ, ಬಹಳ ದಿನದ ಒಡನಾಟ,” ಅಂದ ರೇಸಪ್ಪ. ಹೆಲ್ಮೆಟ್ಟಿನೊಳಗೆ ಬೆವರು ಧಾರೆಯಾಗಿ ಇಳಿಯುತ್ತಿತ್ತು.

ಹಲ್ಲಿನ ಡಾಕ್ಟರು ಹೇಳಿದ ಹೊತ್ತಿಗೇ ಬಂದರು. ಮೆದುಮಾತಿನ, ಬೆಳ್ಳಗಿನ ಮನುಷ್ಯ. ಬೈಕಿನ ಸುತ್ತ ಬಗ್ಗಿ ಬಗ್ಗಿ, ಬಾಯಿ ತೆರೆಸಿ ನೋಡುವವರ ಹಾಗೆ ನೋಡಿದರು. ಅಷ್ಟರಲ್ಲಿ ಬಾಯ್ಲರ್ ಮಾವನಿಗೂ ವಾಲ್ವ್ ಅಣ್ಣನಿಗೂ ಹತ್ತಿಕೊಂಡಿತ್ತು. ಬೈಕು ಸರಿಹೋದದ್ದು ಪ್ಲಗ್ಗಿನಿಂದ ಅಂತ ಇವರು, ಪೈಪಿನಿಂದ ಅಂತ ಅವನು. ರೇಸಪ್ಪ ಮಾತ್ರ ಸತ್ಯವಂತನಾಗಿ ನಿಂತು, ಬ್ರೇಕು ಕಿರುಗುಟ್ಟುತ್ತದೆ, ಸೀಟು ಜಾರುತ್ತದೆ, ನಡುರಸ್ತೆಯಲ್ಲಿ ನಿಂತು ಮಾನ ಕಳೆಯುತ್ತದೆ ಎಂದು ಮನಸ್ಸಿಗೆ ನೋವಾದರೂ ಹೇಳಿದ. ಹೇಳುವಾಗ ಬೈಕಿನ ಕಡೆ ನೋಡಲಿಲ್ಲ. ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ, ಒಂದೇ ಓಟಕ್ಕೆ ಎಷ್ಟು ದೂರ ಹೋಗುತ್ತದೆ ಅಂತ.

“ದೂರ ಏನು ಡಾಕ್ಟ್ರೇ, ಎದುರಿಗೆ ಸಮುದ್ರ ಬಂದ್ರೆ ಮಾತ್ರ ನಿಲ್ಲುತ್ತೆ,” ಅಂದರು ಮಾವ.

ಡಾಕ್ಟರ ಮುಖ ಸಪ್ಪಗಾಯಿತು. ಅದೇಕೆಂದು ರೇಸಪ್ಪನಿಗೆ ತಿಳಿಯಲಿಲ್ಲ, ಆದರೆ ಒಳಗೊಳಗೇ ಹಿಗ್ಗಿದ. ಒಳಗೆ ತುಕ್ಕಿಲ್ಲವೆಂದು ತೋರಿಸಲು ಮಾವ ಟ್ಯಾಂಕಿನ ಮುಚ್ಚಳ ತೆಗೆದರು, ರೇಸಪ್ಪ ಕೆಮ್ಮಿದ, ಡಾಕ್ಟರು ಗಂಟಲು ತೋರಿಸಿ ಅಂದರು. ಆಮೇಲೆ ಹೆಲ್ಮೆಟ್ಟು ಹಾಕಿಕೊಂಡು ಓಡಿಸಿ ನೋಡಲು ಹತ್ತಿದರು. ಸುಮ್ಮನೆ ಬೀದಿಯ ಕೊನೆಯವರೆಗೆ ಹೋಗಿ ಬಂದರೆ ಏನೂ ತಿಳಿಯುವುದಿಲ್ಲ, ದೊಡ್ಡ ರಸ್ತೆ ಹಿಡಿದು ದೂರ ಹೋಗಿ ಬನ್ನಿ ಎಂದು ರೇಸಪ್ಪ ಕೈಮುಗಿದು ಬೇಡಿಕೊಂಡ.

ಡಾಕ್ಟರು ಹೋದರು. ಬರಲಿಲ್ಲ. ಪ್ಲಗ್ಗು ಪೈಪಿನ ಜಗಳ ಮೊದಲು ಜೋರಾಗಿ, ಆಮೇಲೆ ಮೆತ್ತಗಾಗಿ, ಕೊನೆಗೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ಸುಮ್ಮನಾದರು. ಹೆಂಡತಿ ಗೇಟಿಗೂ ಬಾಗಿಲಿಗೂ ಓಡಾಡಿದಳು. ರೇಸಪ್ಪನೊಬ್ಬನೇ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು, ಎರಡನೆಯ ಲೋಟ ಕಾಫಿ ಕೇಳಿ ಹಾಕಿಸಿಕೊಂಡ. ಕಾಫಿ ಇಷ್ಟು ರುಚಿಯಾಗಿ ಅವನ ಸಂಸಾರದಲ್ಲೇ ಆಗಿರಲಿಲ್ಲ.

ಕತ್ತಲಾಗುವ ಮೊದಲು ತಿರುವಿನಲ್ಲಿ ಡಾಕ್ಟರು ಕಾಣಿಸಿದರು. ಬೈಕು ಅವರನ್ನು ಹೊತ್ತಿರಲಿಲ್ಲ, ಅವರೇ ಅದನ್ನು ತಳ್ಳುತ್ತಿದ್ದರು. ಬೆಳ್ಳಗಿನ ಮುಖ ಕೆಂಪಾಗಿತ್ತು, ಅಂಗಿ ಬೆನ್ನಿಗೆ ಅಂಟಿತ್ತು. ರೇಸಪ್ಪ ಮುಖದ ಮೇಲೆ ಇದ್ದಬದ್ದ ದುಃಖವನ್ನೆಲ್ಲ ತಂದುಕೊಂಡು ಎದುರಿಗೆ ಹೋದ. ತಾನು ಮೊದಲೇ ಹೇಳಿದ್ದೆನಲ್ಲ, ಬೇಜಾರು ಮಾಡಿಕೊಳ್ಳಬೇಡಿ, ಬೇರೆ ಯಾವುದಾದರೂ ಒಳ್ಳೆಯ ಗಾಡಿ ನೋಡಿ ಅಂದ.

“ಬೇರೆ ಯಾಕೆ ಸರ್? ಇದನ್ನೇ ತಗೊಂಡೆ,” ಅಂದರು ಡಾಕ್ಟರು ಏದುಸಿರು ಬಿಡುತ್ತ. ಅವರ ಕಣ್ಣಲ್ಲಿ ನೀರಿತ್ತು, ಸಂತೋಷದ ನೀರು.

ಅವರೇ ವಿವರಿಸಿದರು. ಮಗ ಕಾಲೇಜಿಗೆ ಸೇರಿದ್ದಾನೆ. ರೇಸಿನ ಬೈಕೇ ಬೇಕು ಅಂತ ಊಟ ಬಿಟ್ಟು ಕೂತಿದ್ದಾನೆ. ಅದು ಮನೆಗೆ ಬಂದರೆ ತಾನು ಊಟ ಬಿಡುತ್ತೇನೆ ಅಂತ ಅವನ ತಾಯಿ ಕೂತಿದ್ದಾಳೆ, ಹುಡುಗ ಹೆದ್ದಾರಿಗೆ ಹೋಗಿ ಕೈಕಾಲು ಮುರಿದುಕೊಳ್ಳುತ್ತಾನೆಂಬ ಭಯ. ಮನೆಯಿಂದ ಕಾಲೇಜಿಗೆ ಎರಡು ಕಿಲೋಮೀಟರ್, ಹೆದ್ದಾರಿಗೆ ಐದು.

“ಮೇಡಂ ಫೋನಲ್ಲೇ ಹೇಳಿದ್ರು, ಮೂರು ಕಿಲೋಮೀಟರಿಗೆ ನಿಲ್ಲುತ್ತೆ ಅಂತ. ನಾನು ನಂಬಿರಲಿಲ್ಲ. ಅಷ್ಟು ಒಳ್ಳೆ ಗಾಡಿ ಎಲ್ಲಿರುತ್ತೆ ಸರ್? ಇವತ್ತು ನೋಡಿದ್ರೆ, ಅಳತೆ ಹಿಡಿದ ಹಾಗೆ ನಿಲ್ತು.”

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಕೊಟ್ಟದ್ದೂ ಹಾಲು ಅನ್ನ. ರೇಸಪ್ಪನಿಗೆ ಮಾತ್ರ ಭೂಮಿ ಗಿರ್ರನೆ ತಿರುಗಿತು. ಡಾಕ್ಟರ ಕೈ ಜೇಬಿನ ಕಡೆ ಹೋಗುವುದು ಕಂಡಿತು. ಹೆಂಡತಿಯ ಮಾತು, ತಾನು ಕೊಟ್ಟ ಮಾತು, ಎಲ್ಲ ಮರೆತು, ಬಾಯಿಬಿಟ್ಟರೆ ಬಣ್ಣಗೇಡು ಅನ್ನುವುದನ್ನೂ ಮರೆತು, ಅವನು ಬೈಕಿನ ಮೇಲೆರಗಿ ಉಗುರಿನಿಂದ ಸ್ಟಿಕ್ಕರನ್ನು ಪರ್ರೆಂದು ಕಿತ್ತ.

“ಇಷ್ಟೇ ಡಾಕ್ಟ್ರೇ ಇದರ ರೋಗ! ಈ ಸ್ಟಿಕ್ಕರು ಗಾಳಿತೂತು ಮುಚ್ಚಿತ್ತು. ಈಗ ನೋಡಿ, ಹೆದ್ದಾರಿ ಏನು, ದೇಶದ ಆಚೆ ದಡ ಮುಟ್ಟಿ ಬರುತ್ತೆ. ನಿಮ್ಮ ಹುಡುಗನಿಗೆ ಇದು ಖಂಡಿತ ಬೇಡ.”

ಡಾಕ್ಟರ ಕೈ ಜೇಬಿನಿಂದ ಹಿಂದಕ್ಕೆ ಬಂತು. ರೇಸಪ್ಪನಿಗೆ ಹೋದ ಜೀವ ಬಂತು. ಬೈಕಿನ ಮೇಲೆ ಕೈಯಿಟ್ಟುಕೊಂಡು, ಇನ್ನು ಯಾರೂ ನಿನ್ನನ್ನು ಮುಟ್ಟುವುದಿಲ್ಲ ಎಂದು ಮನಸ್ಸಿನಲ್ಲೇ ಹೇಳಿದ.

ಡಾಕ್ಟರು ನೆಲದ ಮೇಲೆ ಬಿದ್ದಿದ್ದ ಸ್ಟಿಕ್ಕರನ್ನು ಎತ್ತಿ, ತಿರುಗಿಸಿ ನೋಡಿದರು. ಅಂಟಿಸಿದರೆ ನಿಲ್ಲುತ್ತದೆ, ಕಿತ್ತರೆ ಓಡುತ್ತದೆ, ಅಷ್ಟೇ ತಾನೆ ಎಂದು ಕೇಳಿದರು. ಅಷ್ಟೇ ಅಂದ ರೇಸಪ್ಪ, ಹೆಮ್ಮೆಯಿಂದ. ಡಾಕ್ಟರು ಅತ್ತಿತ್ತ ನೋಡಿ ದನಿ ತಗ್ಗಿಸಿದರು.

“ನಿಜ ಹೇಳ್ತೀನಿ ಸರ್, ಚಿಕ್ಕ ವಯಸ್ಸಿಂದ ನನಗೂ ಇಂಥ ಗಾಡಿ ಓಡಿಸೋ ಆಸೆ. ವಾರವೆಲ್ಲ ಅಂಟಿಸಿ ಮಗನಿಗೆ ಕೊಡ್ತೀನಿ. ಭಾನುವಾರ ಕಿತ್ತು ನಾನು ಓಡಿಸ್ತೀನಿ. ನೀವು ಹೇಳದೇ ಇದ್ದಿದ್ರೆ ನನಗೆ ಇದು ಹೊಳೀತಾನೇ ಇರಲಿಲ್ಲ.”

ಅಲ್ಲಿಗೆ ಮುಗಿಯಿತು. ಬಾಯ್ಲರ್ ಮಾವ, ಹಾಗಾದರೆ ತಮ್ಮ ಪ್ಲಗ್ಗಿನ ಗತಿಯೇನು ಎಂದು ಕೇಳಿದರು. ವಾಲ್ವ್ ಅಣ್ಣ ಪೆಟ್ರೋಲು ವಾಸನೆಯ ಅಂಗಿಯನ್ನು ಮೂಸಿಕೊಂಡು, ರೇಸಪ್ಪನ ಗಂಟಲನ್ನೇ ದಿಟ್ಟಿಸಿ ನೋಡಿದ. ಡಾಕ್ಟರಿಗೆ ಇನ್ನೊಂದು ಚಿಂತೆ: ಕಿತ್ತ ಸ್ಟಿಕ್ಕರಿಗೆ ಧೂಳು ಹತ್ತಿದೆ, ವಾರವಾರ ಹೊಸದು ಎಲ್ಲಿ ಸಿಗುತ್ತದೆ? ಹೆಂಡತಿ ಒಳಗೆ ಹೋಗಿ, ಮಂಚದ ಕೆಳಗಿದ್ದ ಸ್ಟಿಕ್ಕರಿನ ಸುರುಳಿಯನ್ನೇ ತಂದು ಅವರ ಕೈಗಿತ್ತಳು.

“ಪೂರ್ತಿ ನೀವೇ ಇಟ್ಕೊಳ್ಳಿ ಡಾಕ್ಟ್ರೇ, ಸ್ಕೂಟರಿಗೆ ಇದೆಲ್ಲ ಬೇಕಾಗಲ್ಲ,” ಅಂದವಳು ಗಂಡನ ಕಡೆ ತಿರುಗಿ, “ಮಾತು ಕೊಟ್ಟಿದ್ರಿ,” ಅಂದಳು. ರೇಸಪ್ಪ ತುಟಿ ಪಿಟಕ್ ಅನ್ನಲಿಲ್ಲ.

ಡಾಕ್ಟರು ಅಲ್ಲೇ ಒಂದು ತುಂಡು ಕತ್ತರಿಸಿ ಮುಚ್ಚಳದ ಮೇಲೆ ಅಂಟಿಸಿದರು. ಹಲ್ಲಿಗೆ ಪಳಗಿದ ಕೈ, ಇದಕ್ಕೆ ಬಗ್ಗಲಿಲ್ಲ. ತುಂಬ ಗುಳ್ಳೆ ಎದ್ದವು. ರೇಸಪ್ಪ ಸ್ವಲ್ಪ ಹೊತ್ತು ಮುಖ ಆಚೆ ತಿರುಗಿಸಿಕೊಂಡು ನಿಂತ. ತಡೆಯಲಾಗಲಿಲ್ಲ. ಬಿಡಿ ಡಾಕ್ಟ್ರೇ ಅಂತ ಅವರನ್ನು ಪಕ್ಕಕ್ಕೆ ಸರಿಸಿ, ಸ್ಟಿಕ್ಕರು ಎತ್ತಿ ಮತ್ತೆ ಕೂರಿಸಿ, ಅಂಗೈ ಉಜ್ಜಿ ಬಿಸಿ ಮಾಡಿಕೊಂಡು, ನಡುವಿನಿಂದ ಅಂಚಿಗೆ, ನಡುವಿನಿಂದ ಅಂಚಿಗೆ, ಹೆಬ್ಬೆರಳಿನಿಂದ ಒಂದೊಂದೇ ಗುಳ್ಳೆಯನ್ನು ಹೊರಗೆ ದೂಡಿದ. ಗಾಳಿತೂತಿನ ಮೇಲೆ ಬಂದಾಗ ಬೆರಳು ಒಂದು ಗಳಿಗೆ ನಿಂತಿತು, ಆಮೇಲೆ ಅದನ್ನೂ ಒತ್ತಿ ಮುಚ್ಚಿತು.

ಡಾಕ್ಟರು ಟ್ಯಾಂಕಿನ ಮೇಲೆ ಎದೆಯೂರಿ ಮಲಗಿ, ಗಂಟೆಗೆ ಮೂವತ್ತರ ವೇಗದಲ್ಲಿ ಹೊರಟುಹೋದರು. ಕೆಂಪು ದೀಪ ತಿರುವಿನಲ್ಲಿ ಮರೆಯಾಯಿತು. ರೇಸಪ್ಪನಿಗೆ ದುಃಖ ಒತ್ತರಿಸಿಕೊಂಡು ಕೆಮ್ಮು ಬಂತು. ಬಿಡದೆ ಬಂತು, ಕಣ್ಣಲ್ಲಿ ನೀರು ಬರುವಷ್ಟು ಬಂತು. ಈ ಸಲದ್ದು ನಿಜವಾದ ಕೆಮ್ಮು. ಯಾರೂ ನಂಬಲಿಲ್ಲ.